ಆಯುಧಪೂಜೆಯ ದಿನದ ಆಯಿಲ್ ಕೂಲರ್

ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷ ನಮ್ಮ ಮನೆಯಲ್ಲಿ ಯಾವ ಹಬ್ಬವೂ ಇರಲಿಲ್ಲ. ವರ್ಷದ ಕಾರ್ಯವನ್ನು ಕೆಲವು ದಿನ ಮೊದಲೇ ಮುಗಿಸಿದ ಮೇಲೆ ಬಂದ ಮೊದಲ ಹಬ್ಬ ಆಯುಧಪೂಜೆ. ಅಮ್ಮ ಬೆಳಿಗ್ಗೆಯೇ ಅಣ್ಣನ ಮೆಕ್ಯಾನಿಕ್ ಶೆಡ್ಡಿಗೆ ಹೋಗಿ ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಬಂದಳು. ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಒರೆಸಿ, ದೇವರ ಮುಂದೆ ಮಣೆಯ ಮೇಲೆ ಜೋಡಿಸಿ ಕುಂಕುಮ ಹಚ್ಚಿದಳು. ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ಎಂ.ಎಸ್ಸಿ. ಪುಸ್ತಕಗಳೂ ಪಕ್ಕದಲ್ಲಿ ಕೂತವು. ಕೊನೆಗೆ ಟ್ರಂಕಿನಿಂದ ಅಪ್ಪನ ದೊಡ್ಡ ಸ್ಪ್ಯಾನರನ್ನು ತೆಗೆದು ಎಲ್ಲದರ ಮುಂದೆ ಇಟ್ಟಳು.

ಅಪ್ಪ ಚಿನ್ನದ ಗಣಿಯಲ್ಲಿ ಪಂಪುಗಳ ಫಿಟರ್ ಆಗಿದ್ದರು. ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಹಿಂದಿನ ವರ್ಷದ ಆಯುಧಪೂಜೆಯ ಮಧ್ಯಾಹ್ನ ಉರಿಗಾಂ ಗಣಿಯಿಂದ ಒಬ್ಬರು ಬಂದು, ಕೆಳಗೆ ಪಂಪು ನಿಂತಿದೆ, ನೀರು ಏರುತ್ತಿದೆ ಎಂದರು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ಮಂಗಳಾರತಿ ಆಗುವವರೆಗೆ ಮುಟ್ಟಬಾರದು ಎಂದು ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ಅಪ್ಪ ನಗುತ್ತಲೇ ಸ್ಪ್ಯಾನರನ್ನು ಎತ್ತಿಕೊಂಡರು. ಅಂದು ಕೆಳಗೆ ಬಂಡೆ ಸಿಡಿಯಿತು. ಸ್ಪ್ಯಾನರ್ ಮನೆಗೆ ವಾಪಸಾದಾಗ ಅದರ ಹಿಡಿಯಲ್ಲಿ ಕುಂಕುಮ ಇನ್ನೂ ಇತ್ತು.

ಯಾರ ಕೈಯಲ್ಲಿ ಏನಿದ್ದರೂ ಬಂಡೆ ಸಿಡಿಯುತ್ತಿತ್ತು ಎಂದು ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು ಎಂದುಕೊಳ್ಳುತ್ತೇನೆ.

ಅಪ್ಪನ ಕೆಲಸ ಅಣ್ಣನಿಗೆ ಸಿಗುವುದೆಂದು ತೀರ್ಮಾನವಾಗಿತ್ತು. ದಸರಾ ಕಳೆದ ಮೇಲೆ ಅವನು ಗಣಿಗೆ ಇಳಿಯಬೇಕಿತ್ತು. ಬೇಡವೆಂದು ಅಮ್ಮ ಒಮ್ಮೆಯೂ ಹೇಳಲಿಲ್ಲ. ನನ್ನ ಓದು ನಡೆಯಬೇಕಾದರೆ ಬೇರೆ ದಾರಿ ಇರಲಿಲ್ಲ. ಆದರೆ ಅಣ್ಣ ಶೆಡ್ಡಿನಿಂದ ಊಟಕ್ಕೆ ಬರುವುದು ಸ್ವಲ್ಪ ತಡವಾದರೂ ಅವಳು ರಸ್ತೆಗೆ ಬಂದು ನಿಲ್ಲುತ್ತಿದ್ದಳು.

ಆ ಹೊತ್ತಿಗೆ ಶೆಡ್ಡಿಗೆ ಬಂದದ್ದು ಒಂದು ಕಾರು. ಎರಡೇ ಸೀಟಿನ, ಮೇಲೆ ಹೊದಿಕೆಯಿಲ್ಲದ, ನೆಲಕ್ಕೆ ಅಂಟಿದಂತಿದ್ದ ಹಸಿರು ಸ್ಪೋರ್ಟ್ಸ್ ಕಾರು. ಅದರ ಯಜಮಾನರು ಗಣಿಯ ಪಕ್ಕದ ಕೋರಮಂಡಲ್‌ನ ಬಂಗಲೆಯಲ್ಲಿ ಬೆಳೆದವರು. ಈಗ ಬೆಂಗಳೂರಿನಲ್ಲಿ ಗ್ಯಾರೇಜು ಇಟ್ಟುಕೊಂಡು ಮದ್ರಾಸಿನ ಕಡೆ ರೇಸಿಗೆ ಹೋಗುತ್ತಿದ್ದರು. ಹತ್ತಾರು ಸುತ್ತು ಜೋರಾಗಿ ಓಡಿದರೆ ಇಂಜಿನ್ನಿನ ಎಣ್ಣೆ ಕಾದು ನೀರಿನಂತಾಗಿ, ಎಣ್ಣೆಯ ಪ್ರೆಶರ್ ತೋರಿಸುವ ಮುಳ್ಳು ಇಳಿದುಬಿಡುತ್ತಿತ್ತು. ಅದಕ್ಕೆ ಆಯಿಲ್ ಕೂಲರ್ ಹಾಕಬೇಕಿತ್ತು. ಚಿಕ್ಕ ರೇಡಿಯೇಟರಿನಂಥದ್ದು. ಬಿಸಿ ಎಣ್ಣೆ ಒಂದು ಪೈಪಿನಲ್ಲಿ ಬಂದು, ಗಾಳಿಗೆ ಆರಿ, ಇನ್ನೊಂದು ಪೈಪಿನಲ್ಲಿ ಇಂಜಿನ್ನಿಗೆ ಮರಳುತ್ತದೆ. ಕೆಲಸ ಸರಿಯಾದರೆ ಅಣ್ಣನನ್ನು ತಮ್ಮ ಗ್ಯಾರೇಜಿಗೆ ಸೇರಿಸಿಕೊಳ್ಳುವುದಾಗಿ ಅವರು ಹೇಳಿದ್ದರು.

ಅಣ್ಣ ಕಬ್ಬಿಣದ ಪಟ್ಟಿ ಬಗ್ಗಿಸಿ ಕಾರಿನ ಮುಂಭಾಗದಲ್ಲಿ ಕೂಲರನ್ನು ಕೂರಿಸಿದ. ಅದುರಿ ಒಡೆಯದಿರಲೆಂದು ನಡುವೆ ಹಳೆಯ ಟೈರಿನ ತುಂಡುಗಳನ್ನು ಕತ್ತರಿಸಿ ಇಟ್ಟ. ಅಮ್ಮ ಕಾಫಿ ತಂದುಕೊಟ್ಟು ಬಗ್ಗಿ ನೋಡಿದಳು.

"ಎಣ್ಣೆ ಕಾದ್ರೆ ತೆಳ್ಳಗಾಗ್ತದೆ, ಅದು ನಂಗೂ ಗೊತ್ತು ಕಣ್ಲಾ. ಅದಕ್ಕೆ ಮೂತಿಗೆ ಮೂಗುತಿ ಇಕ್ಕಬೇಕಾ?"

"ಗಾಳಿ ಮೊದ್ಲು ತಾಕೋದು ಮೂತಿಗೇ ಅಲ್ವೇನಮ್ಮೋ. ಇಂದ್ಗಡೆ ಇಕ್ಕಿದ್ರೆ ಯಾರು ನೋಡ್ತಾರೆ ಮೂಗುತಿ?"

ಹಬ್ಬದ ಹಿಂದಿನ ದಿನ ಎಲ್ಲ ಮುಗಿದು, ಕಾರು ನಮ್ಮ ಮನೆಯ ಮುಂದೆ ನಿಂತಿತ್ತು. ಹಬ್ಬ ಕಳೆದ ಮೇಲೆ ಬರುತ್ತೇನೆ ಎಂದಿದ್ದ ಯಜಮಾನರು ಪೂಜೆಯ ದಿನ ಮಧ್ಯಾಹ್ನವೇ ಬಂದರು.

"ಎನ್ನಪ್ಪಾ ಮೇಸ್ತ್ರಿ, ರೆಡೀನಾ? ನಾಳೆ ಬೆಳಿಗ್ಗೆನೇ ಮದ್ರಾಸಿಗೆ ಹೊರಡಬೇಕು. ರಾಬರ್ಟ್‌ಸನ್‌ಪೇಟೆವರೆಗೂ ಹೋಗಿ ಬರೋಣ. ಒಂದು ಹನಿ ಆಯಿಲ್ ಬೀಳದೆ ವಾಪಸ್ ಬಂದರೆ ನೀನೂ ನನ್ನ ಜೊತೆ ಹೊರಡು."

ಗಾಡಿಯನ್ನು ಪೂಜೆ ಮಾಡಿ ಓಡಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಅಮ್ಮ ಕಾರಿಗೂ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಹೊರಡುವ ಮೊದಲು ಅಣ್ಣ ಇಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟ. ತಣ್ಣಗಿದ್ದಾಗ ಒಣಗಿದ್ದ, ಕೂಲರಿಗೆ ಪೈಪು ಸೇರುವ ನಟ್ಟಿನಲ್ಲಿ, ಎಣ್ಣೆ ಕಾದ ಮೇಲೆ ಒಂದು ಹನಿ ಮೂಡಿತು. ಅದು ನಿಧಾನವಾಗಿ ದಪ್ಪವಾಗಿ ಕೆಳಗೆ ಬಿತ್ತು. ಇನ್ನೊಂದು ಮೂಡಿತು.

ಅಣ್ಣ ಇಂಜಿನ್ ನಿಲ್ಲಿಸಿದ. "ಇನ್ನೊಂಚೂರು ಬಿಗಿ ಮಾಡ್ಬೇಕು ಸಾರ್. ಸ್ಪ್ಯಾನರ್‌ಗಳೆಲ್ಲ ಪೂಜೆಗೆ ಇಟ್ಟವ್ರೆ. ನಾಳೆ ತೆಗೆಯೋದು."

"ಪಕ್ಕದ ಶೆಡ್ಡಲ್ಲಿ ಕೇಳು ಹೋಗು."

"ಎಲ್ಲಾರ್ದೂ ಪೂಜೆಗೆ ಕೂತವೆ ಸಾರ್ ಇವತ್ತು."

"ಸರಿಹೋಯ್ತು! ಕೂಲರ್ ಬಿಚ್ಚಿ ಹಾಕು ಅನ್ನೋ ಹಾಗೂ ಇಲ್ಲ, ಅದಕ್ಕೂ ಸ್ಪ್ಯಾನರ್ ಬೇಕು." ಅವರು ಡಿಕ್ಕಿ ತಡಕಾಡಿ, ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಸ್ಕ್ರೂ ಸ್ಪ್ಯಾನರ್ ತೆಗೆದರು. "ತಗೋ. ಇದು ಯಾವ ಪೂಜೆಗೂ ಕೂತಿಲ್ಲ."

ಅಣ್ಣ ಅದನ್ನು ನಟ್ಟಿಗೆ ಹಾಕಿದ. ತಿರುಗಿಸಲಿಲ್ಲ. ಪೈಪು ಸೇರುವ ಕಡೆ ಕೂಲರಿನ ಕುತ್ತಿಗೆಯನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ತಿರುಗಿಸಬೇಕು. ಒಂದರಿಂದಲೇ ಬಿಗಿದರೆ ತೆಳು ಕುತ್ತಿಗೆ ತಿರುಚಿಕೊಂಡು ಸೀಳುತ್ತದೆ, ಕೂಲರೇ ಹೋಗುತ್ತದೆ. ಅವನು ಇದನ್ನು ಹೇಳಿದಾಗ ಯಜಮಾನರು ಗಡಿಯಾರ ನೋಡಿಕೊಂಡರು.

"ನನಗೆ ಕಾಯೋಕಾಗಲ್ಲಪ್ಪ. ಆಗದಿದ್ರೆ ಹೇಳು, ಬೆಂಗಳೂರಲ್ಲೇ ಯಾರ ಕೈಲಾದ್ರೂ ಮಾಡಿಸ್ಕೋತೀನಿ."

ಅಣ್ಣ ಸ್ಕ್ರೂ ಸ್ಪ್ಯಾನರಿನ ಹಿಡಿಯನ್ನು ಬಲವಾಗಿ ಹಿಡಿದ. ಒಂದರಿಂದಲೇ ಪ್ರಯತ್ನಿಸುತ್ತಾನೆ ಎಂದು ನನಗನ್ನಿಸಿತು. ಒಳಗೆ ಹೋಗಿ ಒಂದು ಸ್ಪ್ಯಾನರ್ ಎತ್ತಿಕೊಂಡು ಬರಲೇ ಎಂದು ಅವನನ್ನು ನೋಡಿದೆ. ಅವನು ಬೇಡವೆಂಬಂತೆ ತಲೆಯಾಡಿಸಿದ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು. "ಅದು ಸೀಳೋದ್ರೆ ನಿನ್ನ ಕರ್ಕೊಂಡೋಗಲ್ವಾ ಇವರು?"

ಅಮ್ಮ ಒಳಗೆ ಹೋದಳು.

ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ಅಪ್ಪನ ದೊಡ್ಡ ಸ್ಪ್ಯಾನರ್ ಇತ್ತು. ಅಣ್ಣ ಕೈ ಚಾಚಿದ. ಅವಳು ಕೊಡಲಿಲ್ಲ.

"ಒಂದ್ಸಲ ಪೂಜೆಯಿಂದ ಎದ್ದಿರೋದು ಇದೊಂದೇ, ಮಿಕ್ಕವು ಕೂತಿರ್ಲಿ. ಇದನ್ನ ನಿನ್ನ ಕೈಗೆ ಕೊಡಾಕಿಲ್ಲ. ನಾನೇ ಇಡ್ಕತೀನಿ. ಎಲ್ಲಿಗೆ ಆಕಬೇಕು ತೋರ್ಸು."

"ಅಮ್ಮೋ, ಬಿಸಿ ಅದೆ."

"ಒಲೆ ಮುಂದೆ ಕೂತಿರೋಳಿಗೆ ಬಿಸಿ ಏಳ್ಕೊಡ್ತೀಯಾ? ತೋರ್ಸು ಅಂದೆ."

ಹಬ್ಬದ ಸೀರೆಯಲ್ಲಿಯೇ ಅವಳು ಕಾರಿನ ಮುಂದೆ ಮಂಡಿಯೂರಿದಳು. ಅಣ್ಣ ಅವಳ ಕೈಯನ್ನು ಮುಟ್ಟದೆ, ಬೆರಳಿನಿಂದ ಜಾಗ ತೋರಿಸಿದ. ಸ್ಪ್ಯಾನರಿನ ಬಾಯಿ ಕುತ್ತಿಗೆಗೆ ಸರಿಯಾಗಿ ಕೂತಿತು. "ಅಲ್ಲಾಡಿಸಬ್ಯಾಡ, ಅಷ್ಟೇ," ಎಂದ. ಅಮ್ಮ ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಬೇರೆಲ್ಲೋ ನೋಡುತ್ತಿದ್ದಳು. ಅಣ್ಣ ನಟ್ಟನ್ನು ಸ್ವಲ್ಪವೇ ತಿರುಗಿಸಿದ. ಅವಳ ಕೈಗಳು ಅಲುಗಲಿಲ್ಲ.

ಮತ್ತೆ ಇಂಜಿನ್ ಬಿಸಿಯಾದರೂ ಹನಿ ಮೂಡಲಿಲ್ಲ. ಅಣ್ಣನನ್ನೂ ಯಜಮಾನರನ್ನೂ ಹೊತ್ತು ಕಾರು ನಿಂಬೆಹಣ್ಣನ್ನು ಜಜ್ಜಿಕೊಂಡು ಹೊರಟಿತು.

ಅಮ್ಮ ಸ್ಪ್ಯಾನರನ್ನು ಮಣೆಯ ಮೇಲೆ ಮೊದಲಿದ್ದ ಜಾಗದಲ್ಲಿಯೇ ಇಟ್ಟು ಬಂದು ರಸ್ತೆಯಲ್ಲಿ ನಿಂತಳು. ನಾನೂ ಪಕ್ಕದಲ್ಲಿ ನಿಂತೆ. ಗಣಿಗಳಿರುವ ಮಾರಿಕುಪ್ಪಂ ಕಡೆಯಿಂದ ಬಂದ ರೈಲು ಸ್ಟೇಷನ್ನಿನಲ್ಲಿ ನಿಂತು, ಪಾಳಿ ಮುಗಿಸಿದವರು ಬುತ್ತಿ ಡಬ್ಬಿ ಹಿಡಿದು ನಮ್ಮ ಮುಂದೆಯೇ ಮನೆಗಳಿಗೆ ಹೋದರು. ಅವಳು ಒಬ್ಬೊಬ್ಬರನ್ನೂ ನೋಡಿದಳು.

ಕಾರು ಬಂದಾಗ ಬೆಳಕು ಇನ್ನೂ ಇತ್ತು. ಯಜಮಾನರು ಇಳಿದು ಬಗ್ಗುವ ಮೊದಲೇ ಅಮ್ಮ ಹೋಗಿ ಕೂಲರಿನ ಕೆಳಗೆ ಅಂಗೈ ಸವರಿದಳು. ಅಂಗೈ ತಿರುಗಿಸಿ ನೋಡಿದಳು. ರಸ್ತೆಯ ಧೂಳು, ಅದರಡಿಯಲ್ಲಿ ಸ್ಪ್ಯಾನರಿನಿಂದ ಹತ್ತಿದ್ದ ಕುಂಕುಮ. ಎಣ್ಣೆ ಇರಲಿಲ್ಲ.

"ನಿಮ್ಮ ಮಗನ್ನ ಕರ್ಕೊಂಡು ಹೋಗ್ತೀನಮ್ಮಾ," ಎಂದರು ಯಜಮಾನರು.

"ಕರ್ಕೊಂಡೋಗಿ ಸಾಮಿ. ನೆಲದ ಮ್ಯಾಲೆ ಎಲ್ಲಿಗಾದ್ರೂ ಕರ್ಕೊಂಡೋಗಿ."

ಮಾರನೆಯ ದಿನ ಬೆಳಗಾಗುವ ಹೊತ್ತಿಗೆ ಅವಳು ಸ್ನಾನ ಮಾಡಿ ಮಂಗಳಾರತಿ ಮುಗಿಸಿದ್ದಳು. ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ ಅಣ್ಣನ ಚೀಲಕ್ಕೆ ಹಾಕಿದಳು. ಮಣೆಯ ಮೇಲೆ ಉಳಿದ ದೊಡ್ಡದನ್ನು ಅಣ್ಣ ನೋಡಿದ.

"ಅದು ಇಲ್ಲೇ ಇರ್ಲಿ ಬಿಡು," ಎಂದಳು.

ಅವನು ಹೋದ ಮೇಲೆ ನಾನು ನನ್ನ ಪುಸ್ತಕಗಳನ್ನು ತೆಗೆದುಕೊಳ್ಳಲು ಬಗ್ಗಿದೆ. ಅಪ್ಪನ ಸ್ಪ್ಯಾನರಿನ ಹಿಡಿಯಲ್ಲಿ ಕುಂಕುಮ ಅಳಿಸಿಹೋದ ಕಡೆ ಅವಳ ಬೆರಳುಗಳ ಗುರುತು ಇತ್ತು.