ಮೋಟ್ರು ಮೋಹನ

ಕ್ಯಾತ್ಸಂದ್ರದ ನಮ್ಮ ಬೀದಿಯಲ್ಲಿ ಮೋಹನ್‌ಕುಮಾರನ ಬಗ್ಗೆ ಒಂದೇ ಮಾತಿತ್ತು: "ಮಾತಾಡ್ಸಿದ್ರೆ ಬಾಯಿ ಬಿಡಲ್ಲ, ಒಬ್ನೇ ಇದ್ರೆ ಬಾಯಿ ಮುಚ್ಚಲ್ಲ." ಟೀ ಅಂಗಡಿ ರವೀಶ ಅದಕ್ಕೆ ಬಾಲ ಸೇರಿಸುತ್ತಿದ್ದ: "ಟೀ ಕುಡಿಯೋವಾಗ್ಲೂ ಲೋಟದ ಕಿವೀಲಿ ಏನೋ ಚಾಡಿ ಹೇಳ್ತಿರ್ತಾನೆ ಕಣ್ರೀ."

ಅದು ಚಾಡಿಯಲ್ಲ, ಅವನೇ ಕಟ್ಟುತ್ತಿದ್ದ ಹಿಪ್‌ಹಾಪ್ ಹಾಡು. ಹುಡುಗ ಮಾರ್ಕೋನಹಳ್ಳಿ ಕಡೆಯವನು. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಡಬ್ಬ ಪ್ಯಾಕ್ ಮಾಡುವ ಕೆಲಸ, ನೈಟ್ ಶಿಫ್ಟು. ಬೆಳಗಾದರೆ ಬಂದು ಒಂಟಿ ಮುದುಕಿ ಕದರಮ್ಮನ ಮನೆಯ ಕೆಳಗಿನ ಬಾಡಿಗೆ ರೂಮಿನಲ್ಲಿ ಬೀಳುತ್ತಿದ್ದ. ನೀರೆತ್ತುವ ಮೋಟಾರಿನ ಸ್ವಿಚ್ಚು ಅವನ ಬಾಗಿಲ ಪಕ್ಕದಲ್ಲೇ. ಹಾಕುತ್ತಿದ್ದ, ಪದ ಕಟ್ಟುತ್ತಾ ಮರೆಯುತ್ತಿದ್ದ. ಟ್ಯಾಂಕು ತುಂಬಿ ಮೆಟ್ಟಿಲ ಮೇಲೆ ನೀರು ಇಳಿದಾಗ ಮಹಡಿಯಿಂದ ಕದರಮ್ಮನ ಗಂಟಲು ಏಳುತ್ತಿತ್ತು.

"ಏನ್ಲಾ, ಮೋಟ್ರು ಆಫ್ ಮಾಡ್ಲಾ! ಹಂಗೇ ನಿನ್ ಬಾಯೂ ಆಫ್ ಮಾಡ್ಲಾ!"

ಗಂಡ ಹೋದ ಮೇಲೆ ಆ ಮನೆಯಲ್ಲಿ ಅವಳಿಗೆ ಮಾತಾಡಲು ಸಿಕ್ಕಿದ್ದೇ ಇಷ್ಟು. ಬೈದಾದ ಮೇಲೆ ಒಂದು ಬಟ್ಟಲು ಸಾರು ಕೆಳಗಿಳಿಯುತ್ತಿತ್ತು, "ತಿಂದ್ ಸಾಯಿ" ಎಂಬ ಆಶೀರ್ವಾದದ ಜೊತೆಗೆ.

ಗುಬ್ಬಿಯಲ್ಲಿ ಮೋಹನನ ಗೆಳೆಯ ಕಿರಣ್‌ಕುಮಾರನ ಮೊಬೈಲ್ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಹಾಡು ರೆಕಾರ್ಡಾಯಿತು. ಹಾಡಿನ ತುಂಬ ನಿದ್ದೆಗೆಟ್ಟ ಕಣ್ಣು, ಮುಗಿಯದ ಡಬ್ಬಗಳ ಸಾಲು. ನಡುನಡುವೆ ಪಲ್ಲವಿಯಾಗಿ ಬರುವುದು ಮಾತ್ರ ಕದರಮ್ಮನ ಬೈಗುಳ. ಅದೂ ಅವನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ಅವಳದೇ ದನಿಯಲ್ಲಿ.

"ಅಜ್ಜೀನ ಕೇಳ್ದೇನ್ಲಾ?" ಅಂದ ಕಿರಣ.

"ದಿನಾ ಬೈತಾಳೆ. ಇದಕ್ಕೂ ಒಂದ್ ಬೈತಾಳೆ ಬುಡು."

ಭಾನುವಾರ ಸಂಜೆ ಹಾಡು ಯೂಟ್ಯೂಬಿಗೆ ಬಂತು. ರವೀಶ ಅಂಗಡಿಯ ಸ್ಪೀಕರಿಗೆ ಹಾಕಿದ. ಬೀದಿಗೆ ಬೀದಿಯೇ ನಕ್ಕಿತು. ಎದುರುಮನೆ ಚನ್ನವೀರಯ್ಯನಿಗೆ ಮಾತ್ರ ಮುನಿಸು: "ನಾನೇನ್ ಕಮ್ಮಿ ಬೈದಿದೀನೇನೋ ನಿಂಗೆ? ನಂದ್ಯಾಕ್ ಹಾಕ್ಲಿಲ್ಲ?" ಕದರಮ್ಮ ಗೇಟಿನ ಬಳಿ ಸೆರಗನ್ನು ಬಾಯಿಗೊತ್ತಿಕೊಂಡು ತಾನೂ ನಕ್ಕಳು. ಮೋಹನನ ಎದೆ ಹಗುರವಾಯಿತು.

ಆಮೇಲೆ ಹಾಡು ಓಡಿತು ನೋಡಿ. ಓಡಿದ್ದು ಪೂರ್ತಿ ಹಾಡಲ್ಲ, ಬೈಗುಳದ ತುಂಡು. ಕುಣಿಗಲ್ ಬಸ್ಸಿನಲ್ಲಿ ಅಳುವ ಮಗುವಿಗೆ ಕಂಡಕ್ಟರು ಅದನ್ನೇ ಹೇಳಿದ. ಗುಬ್ಬಿಯ ಕಾಲೇಜು ಡೇಯಲ್ಲಿ ಅದಕ್ಕೆ ಕುಣಿದರು. ಡಬ್ಬದ ಸಾಲು, ನಿದ್ದೆಗೆಟ್ಟ ಕಣ್ಣು ಯಾರಿಗೂ ಬೇಕಾಗಲಿಲ್ಲ. ಫ್ಯಾಕ್ಟರಿಯಲ್ಲಿ ಅವನು ಮೋಟ್ರು ಮೋಹನನಾದ.

ಹಾಸ್ಟೆಲ್ ಹುಡುಗರು ಫೋನು ಹಿಡಿದು ಗೇಟಿಗೆ ಬರತೊಡಗಿದರು. "ಅಜ್ಜೀ, ಒಂದ್ಸಲ ಬೈಯಜ್ಜಿ!" ಮೊದಮೊದಲು ಬೈದಳು. ಆಮೇಲೆ ಕುಣಿಗಲ್ಲಿನಲ್ಲಿ ನೆಂಟರ ಮದುವೆಗೆ ಹೋದಾಗ ಯಾರೋ ಕೈಗೆ ಮೈಕು ಕೊಟ್ಟು, "ಬೈಯಮ್ಮೋ, ಜನ ಕಾಯ್ತಾವ್ರೆ" ಅಂದರು. ಊಟಕ್ಕೂ ಕೂರದೆ ವಾಪಸು ಬಂದಳು.

ಅಂದಿನಿಂದ ಮಹಡಿಯ ಗಂಟಲು ಏಳಲಿಲ್ಲ.

ಟ್ಯಾಂಕು ತುಂಬುತ್ತಿತ್ತು, ನೀರು ಹರಿಯುತ್ತಿತ್ತು. ಮೋಹನ ಆ ಸದ್ದಿಗೇ ಎದ್ದು ಸ್ವಿಚ್ಚು ಆರಿಸುತ್ತಿದ್ದ. ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ಮಹಡಿ ಹತ್ತಿ ಹೋಗಿ ಕದರಮ್ಮನ ಬಾಗಿಲಲ್ಲಿ ನಿಂತ.

"ಅಜ್ಜಿ, ಒಂದ್ ಮಾತ್ ಬೈಯ್ಬಾರ್ದಾ?"

"ಹೆಂಗ್ ಬೈಯ್ಲಪ್ಪ? ನಾನ್ ಬಾಯ್ಬಿಟ್ರೆ ಅದ್ ನಿನ್ ಹಾಡಾಯ್ತದೆ."

"ತಗ್ದಾಕ್ಬುಡ್ತೀನಿ ಹಾಡ್ನ."

"ನೀನ್ ತಗ್ದಾಕ್ತೀಯ. ಜನದ ಬಾಯಿಂದ ತಗೀತೀಯೇನಪ್ಪ?"

ಏನ್ಲಾ ಅನ್ನುತ್ತಿದ್ದವಳ ಬಾಯಲ್ಲಿ ಎರಡೆರಡು ಸಲ ಅಪ್ಪ. ಮೋಹನ ತಲೆ ತಗ್ಗಿಸಿ ಇಳಿದ. ಕಿರಣ ಎಷ್ಟು ಕೂಗಾಡಿದರೂ ಕೇಳದೆ ಹಾಡನ್ನು ತೆಗೆಸಿದ. ತುಂಡುಗಳು ಊರವರ ಫೋನುಗಳಲ್ಲಿ ಉಳಿದೇ ಇದ್ದವು, ಹುಡುಗರು ಬರುತ್ತಲೇ ಇದ್ದರು. ತಾನಿಲ್ಲದಿದ್ದರೆ ಗೇಟಿಗೆ ಬರುವವರಾದರೂ ಕಡಿಮೆಯಾಗುತ್ತಾರೇನೋ ಎಂದುಕೊಂಡು, ಫ್ಯಾಕ್ಟರಿಯ ಹತ್ತಿರವೇ ರೂಮು ನೋಡಿದ.

ಹೊರಡುವ ಬೆಳಿಗ್ಗೆ ಚಾಪೆ ಸುತ್ತಿದ, ಬ್ಯಾಗು ಕಟ್ಟಿದ. ಅಭ್ಯಾಸಬಲದಿಂದ ಮೋಟಾರು ಹಾಕಿದ್ದ. ಟ್ಯಾಂಕು ತುಂಬಿತು, ಮೊದಲ ಮೆಟ್ಟಿಲ ಮೇಲೆ ನೀರು ಬಿತ್ತು. ಸ್ವಿಚ್ಚಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬ್ಯಾಗು ಹೆಗಲಿಗೇರಿಸಿ, ಮೇಲೆ ನೋಡುತ್ತಾ ನಿಂತ. ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಅವನ ಚಪ್ಪಲಿಯವರೆಗೆ ಬಂತು.

ಮಹಡಿಯ ಬಾಗಿಲು ತೆರೆಯಿತು. ಕದರಮ್ಮ ಗೋಡೆ ಹಿಡಿದು ಒದ್ದೆ ಮೆಟ್ಟಿಲುಗಳ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಇಳಿದು ಬಂದಳು. ತಾನೇ ಸ್ವಿಚ್ಚು ಆರಿಸಿದಳು. ಇನ್ನೊಂದು ಕೈಯಲ್ಲಿದ್ದ ಸಾರಿನ ಡಬ್ಬಿಯನ್ನು ಅವನ ಕೈಗಿಟ್ಟಳು.

"ಉಂಡ್ಕೋಪ್ಪ. ಹುಷಾರಾಗ್ ಹೋಗು."

ಇನ್ನೇನಾದರೂ ಅಂದಾಳೆಂದು ಮೋಹನ ಸ್ವಲ್ಪ ಕಾದ. ಆಮೇಲೆ ನೀರಿನ ಮೇಲೆಯೇ ಹೆಜ್ಜೆ ಇಟ್ಟು ಗೇಟು ದಾಟಿದ.