ಅಕ್ಕಯಮ್ಮ ನುಂಗಿದ ಮಾತು

ತ್ಯಾಗರಾಜನಗರದಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ಬೂತಿನ ಮುಂದೆ ನಾಲ್ಕು ಜನ ಮಫ್ಲರ್ ಸುತ್ತಿಕೊಂಡು ನಿಂತಿದ್ದಾರೆ. ತಿರುವಿನಾಚೆಯಿಂದ ಒಂದು ದನಿ ಬರುತ್ತದೆ: "ಸೊಪ್ಪೂ... ದಂಟು, ಮೆಂತ್ಯ, ಸಬ್ಬಸಿಗೇ..." ಮೂರನೇ ಮಹಡಿಯವರ ನಿದ್ದೆಯನ್ನೂ ಕೆಡಿಸುವ ದನಿ ಅದು. ದನಿಯ ಹಿಂದೆಯೇ ಬುಟ್ಟಿ ಹೊತ್ತ ಅಕ್ಕಯಮ್ಮ ಕಾಣಿಸುತ್ತಾರೆ. ಅರೆಕೆರೆಯ ತೋಟದಲ್ಲಿ ಕತ್ತಲಿರುವಾಗಲೇ ಕಿತ್ತ ಸೊಪ್ಪು, ಬೇರಿನ ಮಣ್ಣು ಇನ್ನೂ ಒದ್ದೆಯಾಗಿದೆ.

ಜಯನಗರದ ಬೀದಿಗಳನ್ನು ಮುಗಿಸಿ ಬಿಟಿಎಂ ಲೇಔಟಿಗೆ ಬರುವಷ್ಟರಲ್ಲಿ ಬಿಸಿಲೇರಿರುತ್ತದೆ, ಬುಟ್ಟಿ ಅರ್ಧವಾಗಿರುತ್ತದೆ. ಅಲ್ಲಿ ಒಂದು ಅಡ್ಡರಸ್ತೆ ಬಂದಾಗ ಮಾತ್ರ ಅಕ್ಕಯಮ್ಮನ ಬಾಯಿ ಮುಚ್ಚಿಕೊಳ್ಳುತ್ತದೆ. ಆ ರಸ್ತೆಯಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಪಿ.ಜಿ. ಒಂದಿದೆ. ಅಲ್ಲಿ ರೊಟ್ಟಿ ತಟ್ಟುವ ಶಂಕ್ರವ್ವ ದಿನವೂ ಇವರ ಬಳಿಯೇ ಸೊಪ್ಪು ಕೊಳ್ಳುತ್ತಿದ್ದರು. ಗಣೇಶನ ಹಬ್ಬ ಕಳೆದ ಮೇಲೆ ಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಇದು 2003ರ ಅಕ್ಟೋಬರ್. ಅಕ್ಕಯಮ್ಮ ಆ ಗೇಟಿನ ಮುಂದೆ ಕಳ್ಳಹೆಜ್ಜೆ ಹಾಕುತ್ತಾರೆ.

"ಊರೆಲ್ಲ ಕೂಗ್ತೀನಿ ಸಾರ್," ಎನ್ನುತ್ತಾರೆ ಅವರು, ಜೊತೆಗೆ ನಡೆಯುವ ವರದಿಗಾರನಿಗೆ. "ಇಲ್ಲಿ ಮಾತ್ರ ಗಂಟಲು ಕಟ್ಕೊಳ್ಳುತ್ತೆ."

ಗಂಟಲು ಕಟ್ಟಿದ್ದಕ್ಕೂ ಅದೇ ಗಂಟಲೇ ಕಾರಣ. ಬೆಳಗ್ಗೆ ಸೊಪ್ಪು ಕೂಗುವ ಈ ದನಿ ಸಂಜೆ ಕೋಲಾಟ ಕೂಗುತ್ತದೆ. ಸುದ್ದಗುಂಟೆಪಾಳ್ಯದ ಹೆಂಗಸರ ಕೋಲಾಟದ ತಂಡಕ್ಕೆ ಅಕ್ಕಯಮ್ಮನೇ ಯಜಮಾನತಿ. ಮನೆಗೆಲಸದವರು, ಹೂ ಕಟ್ಟುವವರು, ಗಾರ್ಮೆಂಟ್ಸ್‌ಗೆ ಹೋಗುವವರು ಸೇರಿ ಕಟ್ಟಿಕೊಂಡ ತಂಡ. ಅವರು ಸುತ್ತ ಕುಣಿಯುತ್ತಾರೆ, ಅಕ್ಕಯಮ್ಮ ನಡುವೆ ನಿಂತು ಕೂಗುತ್ತಾರೆ. "ಸುತ್ತುಗೋಲು" ಅಂದರೆ ಬಳಗ ತಿರುಗುತ್ತದೆ, "ತೊಟ್ಟಿಲುಕೋಲು" ಅಂದರೆ ತೂಗುತ್ತದೆ. ತಾಳ ಹಾಕುತ್ತಾ ಹಾಡುವವರು ಅವರ ಸೋದರಮಾವ ಗೂಳಪ್ಪ. ಪಾಳ್ಯದ ಸುತ್ತ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಅಕ್ಕಯಮ್ಮನ ಕೈಗೆ ಕೋಲು ಕೊಟ್ಟವರೂ ಅವರೇ. ಹೊಲಗಳ ಮೇಲೆ ಮನೆಗಳೆದ್ದವು. ಗಾರೆ ಕೆಲಸದ ಗಂಡ ಕೆಮ್ಮಿ ಕೆಮ್ಮಿ ತೀರಿಕೊಂಡರು. ಮರುವಾರವೇ ಅಕ್ಕಯಮ್ಮ ಬುಟ್ಟಿ ಹೊತ್ತರು. ಕೋಲನ್ನು ಮಾತ್ರ ಬಿಡಲಿಲ್ಲ.

ಈ ತಂಡದ ಆಟದಲ್ಲಿ ಜನ ಕಾದು ಕೂತು ನೋಡುವ ಒಂದು ವರಸೆಯಿದೆ. ಅದರ ಹೆಸರು "ಮುಂಡೆಕೋಲು". ಯಜಮಾನತಿ ಆ ಹೆಸರು ಕೂಗಿದ್ದೇ ತಡ, ಸುತ್ತು ಚೆದುರುತ್ತದೆ. ಎಲ್ಲರೂ ಹೊಸ ಜೋಡಿ ಹುಡುಕಿಕೊಳ್ಳಬೇಕು. ಜೋಡಿ ಸಿಗದೆ ಉಳಿದವಳು ಸುತ್ತಿನ ಹೊರಗೆ ಕುಕ್ಕರಗಾಲಲ್ಲಿ ಕೂತು ಹಾಡಿನ ಮುಂದಿನ ನುಡಿಯವರೆಗೆ ನೆಲಕ್ಕೆ ಕೋಲು ಬಡಿಯಬೇಕು. ನೋಡುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ಮಾತಿನ ಅರ್ಥವನ್ನು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಡ ಸತ್ತವಳಿಗೆ ಅಂಟಿಸುವ ಹೆಸರು ಅದು. ಜಗಳ ಬಂದರೆ ಯಾವ ಹೆಣ್ಣಿಗಾದರೂ ಎಸೆಯುವ ಕಲ್ಲು.

ಗಣೇಶನ ಪೆಂಡಾಲಿನ ಮುಂದೆ ಅವತ್ತು ಉಳಿದವರು ಶಂಕ್ರವ್ವ. ಬಾಗಲಕೋಟೆ ಕಡೆಯಿಂದ ಗಂಡನ ಜೊತೆ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದವರು. ಗಂಡ ಲಾರಿ ಅಪಘಾತದಲ್ಲಿ ಹೋಗಿ ವರ್ಷವಾಗಿತ್ತು. ಮನೆಯಲ್ಲಿ ಒಬ್ಬಳೇ ಕೂತು ಕೊರಗಬೇಡ ಎಂದು ತಂಡಕ್ಕೆ ಎಳೆದು ತಂದವರು ಅಕ್ಕಯಮ್ಮನೇ. ಅದೇ ಅಕ್ಕಯಮ್ಮ, ಎಂದಿನಂತೆ ಕೋಲು ತೋರಿಸಿ, ಮೈಕಿನಲ್ಲಿ, "ಮುಂಡೆ ಹೊರಕ್ಕೆ" ಎಂದರು. ಜನ ನಕ್ಕರು. ಆಟ ಮುಗಿದ ಮೇಲೆ ನೋಡಿದರೆ ನೆಲದ ಮೇಲೆ ಎರಡು ಕೋಲು ಬಿದ್ದಿದ್ದವು, ಶಂಕ್ರವ್ವ ಇರಲಿಲ್ಲ.

"ಬಾಯಿ ತಪ್ಪಿ ಅಂದಿದ್ರೆ ತಪ್ಪಾಯ್ತು ಅಂತ ಕೈ ಮುಗೀಬಹುದಿತ್ತು," ಎನ್ನುತ್ತಾರೆ ಅಕ್ಕಯಮ್ಮ. "ನಾನು ಬಾಯಿ ತುಂಬಾ ಅಂದೆ. ನಾನೂ ಗಂಡ ಕಳ್ಕೊಂಡೋಳೇ. ಇಷ್ಟು ವರ್ಷ ಕೂಗಿದೀನಿ, ಒಂದು ದಿನಾನೂ ನನಗೆ ಚುಚ್ಚಲಿಲ್ಲ ನೋಡಿ."

ಅಂದಿನಿಂದ ತಂಡದಲ್ಲಿ ಬೆಂಕಿಯಿಲ್ಲದ ಹೊಗೆ. ಶಂಕ್ರವ್ವ ಇಲ್ಲದ ಸುತ್ತಿನಲ್ಲಿ ಜೋಡಿಗಳು ಸರಿಹೋಗುತ್ತವೆ, ಯಾರೂ ಹೊರಗುಳಿಯುವುದಿಲ್ಲ. ಅದೇ ಎಲ್ಲರಿಗೂ ಚುಚ್ಚುತ್ತದೆ. ರಾಜ್ಯೋತ್ಸವಕ್ಕೆ ಕರೆದ ಜಯನಗರದ ಸಂಘದವರು ಆ ಹೆಸರು ಬೇಡ, ವರಸೆಗೆ "ಏಕಾಕಿನಿ ನೃತ್ಯ" ಎಂದು ಹೆಸರಿಡಿ ಎಂದರು. ಹೆಂಗಸರಿಗೆ ಅದನ್ನು ಹೇಳಲು ನಾಲಿಗೆಯೇ ಹೊರಳಲಿಲ್ಲ. ಕೊನೆಗೆ "ಒಂಟಿಕೋಲು" ಎಂದಾಗಲಿ ಅಂತ ಅಕ್ಕಯಮ್ಮ ತೀರ್ಮಾನಿಸಿದರು. ಗೂಳಪ್ಪ ತಾಳ ಕೆಳಗಿಟ್ಟರು.

"ಹಿರೀಕರು ಇಟ್ಟಿದ್ದು. ಹೆಸರು ಕಿತ್ತಾಕಿದ್ರೆ ನಾನು ಹಾಡಲ್ಲ."

"ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಳಕ್ಕಾಯ್ತದಾ ಮಾವ?"

"ನಮ್ಮವ್ವನೂ ಮುಂಡೇನೇ ಕಣೆ. ಇದೇ ಆಟದಲ್ಲಿ ನಗ್‌ನಗ್ತಾ ಹೊರಗೆ ಕೂರೋಳು. ನಿಮಗೇನು ದೊಡ್ಡರೋಗ?"

"ನಕ್ಕಿದ್ದು ನೀನು ನೋಡ್ದೆ. ಮನೆಗೆ ಬಂದು ಏನ್ಮಾಡೋಳು ಅಂತ ನೋಡಿದ್ದಾ?"

ಗೂಳಪ್ಪ ಎದ್ದು ಹೋದರು. ಎರಡು ಸಂಜೆ ಆಟದ ಕಡೆ ತಲೆಯನ್ನೂ ಹಾಕಲಿಲ್ಲ. ಹಾಡುವವರಿಲ್ಲದ ಕೋಲಾಟ ಉಪ್ಪಿಲ್ಲದ ಸಾರು. ರಾಜ್ಯೋತ್ಸವ ಹತ್ತಿರ ಬರುತ್ತಿದೆ, ಅತ್ತ ಮಾವ ಮುನಿಸಿಕೊಂಡಿದ್ದಾರೆ, ಇತ್ತ ಶಂಕ್ರವ್ವ ಮುಖ ತೋರಿಸುತ್ತಿಲ್ಲ. ಅಕ್ಕಯಮ್ಮ ಒಂದು ಬೆಳಗ್ಗೆ ಧೈರ್ಯ ಮಾಡಿ ಪಿ.ಜಿ.ಯ ಗೇಟು ತೆರೆಯುತ್ತಾರೆ. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಶಂಕ್ರವ್ವ ತಲೆಯೆತ್ತುವುದಿಲ್ಲ.

"ಹೆಸರು ಬದ್ಲಾಯಿಸಿದ್ವಿ ಶಂಕ್ರವ್ವ. ಒಂಟಿಕೋಲು ಅಂತ ಇಟ್ಟಿದೀವಿ. ಬಾರವ್ವ."

"ಚಲೋ ಆತ್ರಿ ಅಕ್ಕಾರ," ಎನ್ನುತ್ತಾರೆ ಶಂಕ್ರವ್ವ, ಕೈ ನಿಲ್ಲಿಸದೆ. "ಕುಂದ್ರಸೂದು ಮಾತ್ರ ಹೊರಗ, ಹೌದಿಲ್ರಿ?"

ಅಕ್ಕಯಮ್ಮ ಬುಟ್ಟಿಯನ್ನು ಕೆಳಗಿಳಿಸುತ್ತಾರೆ.

"ನೀವು ಯಾವಾಗ್ಲೂ ನಡುವ ನಿಂತು ಕೂಗಾವ್ರು. ಒಮ್ಮೆ ಹೊರಗ ಕುಂತು ನೋಡ್ರಿ. ಆಮ್ಯಾಲ ನನ್ನ ಕರೀರಿ."

ಬುಟ್ಟಿಯಲ್ಲಿ ಉಳಿದ ಸೊಪ್ಪು ಬಾಡಿದರೂ ಅವತ್ತು ಅಕ್ಕಯಮ್ಮ ಮತ್ತೆ ಕೂಗಲಿಲ್ಲ. ಇಷ್ಟು ವರ್ಷ ತನಗೇಕೆ ಚುಚ್ಚಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೂಗುವವಳು ಎಂದೂ ಹೊರಗೆ ಕೂರುವುದಿಲ್ಲ.

ಸಂಜೆ ಗುಡಿಯ ಮುಂದಿನ ಬಯಲಿನಲ್ಲಿ ಅಕ್ಕಯಮ್ಮ ನಡುವಿನ ಜಾಗ ಬಿಟ್ಟು ಸುತ್ತಿಗೆ ಸೇರುತ್ತಾರೆ. ಯಾರು ಕೈಕಾಲು ಹಿಡಿದು ಕರೆತಂದರೋ ಗೊತ್ತಿಲ್ಲ, ಗೂಳಪ್ಪ ಬಂದಿದ್ದಾರೆ, ಮುಖ ಗಂಟು ಹಾಕಿಕೊಂಡೇ ಹಾಡುತ್ತಿದ್ದಾರೆ. ನುಡಿ ಮುಗಿದಾಗ ಸುತ್ತು ಚೆದುರುತ್ತದೆ. ಜೋಡಿ ಹುಡುಕಿ ಅಭ್ಯಾಸವಿಲ್ಲದ ಯಜಮಾನತಿಯೇ ಉಳಿದುಬಿಡುತ್ತಾರೆ. ಹೊರಗೆ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಕೋಲು ಬಡಿಯುತ್ತಾರೆ. ನಗಬೇಕೋ ಬೇಡವೋ ತಿಳಿಯದೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

"ಅಲ್ಲಿಂದ ಬರೀ ಬೆನ್ನು ಕಾಣ್ತವೆ ಸಾರ್," ಎನ್ನುತ್ತಾರೆ ಅಕ್ಕಯಮ್ಮ. "ಒಬ್ಬರ ಮುಖಾನೂ ಕಾಣಲ್ಲ. ನನ್ನ ಗಂಡನ ತಿಥಿ ದಿನಾನೂ ನನಗೆ ಹಂಗೆ ಆಗಿರ್ಲಿಲ್ಲ."

ಕೂತಲ್ಲಿಂದ ಎದ್ದವರು ನೇರವಾಗಿ ನಡುವಿಗೆ ನಡೆದು ಹೊಸ ಕಟ್ಟಳೆ ಹೇಳುತ್ತಾರೆ. ಇನ್ನು ಮೇಲೆ ಉಳಿದವಳು ಹೊರಗೆ ಹೋಗುವುದಿಲ್ಲ, ಒಳಗೆ ಬರುತ್ತಾಳೆ. ಬಂದವಳೇ ಮುಂದಿನ ವರಸೆ ಕೂಗುತ್ತಾಳೆ. ಕೂಗುತ್ತಿದ್ದವಳು ಸುತ್ತಿಗೆ ಇಳಿದು ಎಲ್ಲರ ಹಾಗೆ ಜೋಡಿ ಹುಡುಕುತ್ತಾಳೆ. ಹೆಸರಿನ ಬದಲು ಒಂದು ಕರೆ: "ಒಳಕ್ಕೆ ಬಾರವ್ವ". ಅವಳು ನಡುವಿಗೆ ಬರುವ ತನಕ ಅದೇ ನುಡಿಯನ್ನು ಮತ್ತೆ ಹಾಡಬೇಕಲ್ಲ, ಎಂದು ಗೂಳಪ್ಪ ಗೊಣಗುತ್ತಾರೆ. ಗೊಣಗುತ್ತಲೇ ಹಾಡುತ್ತಾರೆ.

ರಾಜ್ಯೋತ್ಸವದ ಸಂಜೆ ಜಯನಗರದ ಮೈದಾನದಲ್ಲಿ ತಂಡದ ಹೆಸರು ಕೂಗುವ ಹೊತ್ತಿಗೆ ಶಂಕ್ರವ್ವ ಬರುತ್ತಾರೆ; ಅಕ್ಕಯಮ್ಮ ಹೊರಗೆ ಕೂತದ್ದೂ ಹೊಸ ಕಟ್ಟಳೆಯೂ ಅವರ ಕಿವಿಗೆ ಬಿದ್ದಿದೆ. ಕೋಲಿಗಾಗಿ ಕೈ ಚಾಚುತ್ತಾರೆ. ಶಂಕ್ರವ್ವ ಸೇರಿದ್ದರಿಂದ ಈಗ ಎಲ್ಲರಿಗೂ ಜೋಡಿ ಸಿಕ್ಕಿ ಒಳಕ್ಕೆ ಬರಲು ಯಾರೂ ಉಳಿಯುವುದಿಲ್ಲವೆಂದು, ತಂಡದ ಇಂದ್ರಾಣಿ ಎಂಬಾಕೆ ತಾನಾಗಿಯೇ ಗೂಳಪ್ಪನವರ ಪಕ್ಕ ಹಾಡಲು ಹೋಗಿ ಕೂರುತ್ತಾಳೆ. ನಡುವೆ ಅಕ್ಕಯಮ್ಮ ನಿಲ್ಲುತ್ತಾರೆ. ಸುತ್ತುಗೋಲು ಮುಗಿಯುತ್ತದೆ, ತೊಟ್ಟಿಲುಕೋಲು ಮುಗಿಯುತ್ತದೆ. ನುಡಿ ನಿಲ್ಲುತ್ತದೆ. ಅಕ್ಕಯಮ್ಮ ಬಾಯಿ ತೆರೆಯುತ್ತಾರೆ. ಮೈಕಿನಲ್ಲಿ ಕೇಳಿಸುವುದು, "ಮು..."

ಹಲ್ಲು ಕಚ್ಚುತ್ತಾರೆ. ಉಳಿದದ್ದನ್ನು ನುಂಗುತ್ತಾರೆ. ಆದರೆ ಕಾಲುಗಳಿಗೆ ಅಷ್ಟೇ ಸಾಕು, ಸುತ್ತು ಚೆದುರಿಬಿಡುತ್ತದೆ. ಅಕ್ಕಯಮ್ಮನ ಕೋಲಿಗೂ ಯಾರದೋ ಕೋಲು ತಾಗಿ ಜೋಡಿಯಾಗುತ್ತದೆ. ಕಣ್ಣೆತ್ತಿದರೆ ಉಳಿದವರು ಶಂಕ್ರವ್ವ.

ಹೆಂಗಸರ ಕೈಯಲ್ಲಿ ಕೋಲು ಹಾಗೇ ನಿಂತಿವೆ. ಮುಂದಿನ ಸಾಲಿನಲ್ಲಿ ಯಾರೋ ನಗಲು ಶುರುಮಾಡುತ್ತಾರೆ. ಗೂಳಪ್ಪ ತಾಳ ಬಿಡುವುದಿಲ್ಲ. ಅದೇ ನುಡಿಯನ್ನು ಮತ್ತೊಮ್ಮೆ ಹಾಡುತ್ತಾರೆ, ಮುಗಿದರೆ ಇನ್ನೊಮ್ಮೆ ಎತ್ತಿಕೊಳ್ಳುತ್ತಾರೆ. ಶಂಕ್ರವ್ವ ಒಮ್ಮೆ ಮೈದಾನದ ಗೇಟಿನ ಕಡೆ ನೋಡುತ್ತಾರೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜೋಡಿಗಳ ನಡುವೆ ದಾರಿ ಮಾಡಿಕೊಂಡು, ಒಳಗೆ ನಡೆದು ಬರುತ್ತಾರೆ.

"ಸುತ್ತುಗೋಲ್ರೀ," ಎಂದು ಕೂಗುತ್ತಾರೆ. ಬಾಗಲಕೋಟೆಯ ಆ ಗಟ್ಟಿ ದನಿಗೆ ಪಾಳ್ಯದ ಹೆಂಗಸರೆಲ್ಲ ತಿರುಗುತ್ತಾರೆ. ಎಲ್ಲರಿಗಿಂತ ಮೊದಲು ತಿರುಗಿದ ಕಾಲು ಅಕ್ಕಯಮ್ಮನದು.

"ಒಂದು ನುಡೀನ ಎಷ್ಟು ಸಲ ಹಾಡಿದೆನೋ ಗೊತ್ತಿಲ್ಲ," ಎನ್ನುತ್ತಾರೆ ಗೂಳಪ್ಪ, ತಾಳ ಸುತ್ತಿಡುತ್ತಾ. "ನಮ್ಮವ್ವನ ಲೆಕ್ಕಕ್ಕೆ ಹಾಡ್ದೆ."

ಮರುದಿನ ಬೆಳಗ್ಗೆ ಬಿಟಿಎಂನ ಅಡ್ಡರಸ್ತೆಯಲ್ಲಿ ಅಕ್ಕಯಮ್ಮ ಕೂಗುತ್ತಾರೆ. ಮೊದಲ ಕೂಗು ಸಣ್ಣದು, ಎರಡನೆಯದು ಪೂರ್ತಿ. ಪಿ.ಜಿ.ಯ ಗೇಟು ತೆರೆಯುತ್ತದೆ. ಶಂಕ್ರವ್ವ ಮೆಂತ್ಯದ ಕಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, ಬಾಡಿದ್ದೆಂದು ಜಗಳ ತೆಗೆದು, ಎರಡು ಕಟ್ಟು ಕೊಳ್ಳುತ್ತಾರೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಅಕ್ಕಯಮ್ಮ ಸಿಂಬೆ ಸರಿಮಾಡಿಕೊಂಡು, ಬುಟ್ಟಿಯನ್ನು ತಲೆಗೇರಿಸಿಕೊಂಡು, ನಾಲ್ಕು ಹೆಜ್ಜೆ ಹೋದ ಮೇಲೆ ಹೇಳುತ್ತಾರೆ:

"ನಿನ್ನೆ ಅರ್ಧ ನುಂಗಿದೆ ಸಾರ್. ಬರೋ ವರ್ಷಕ್ಕೆ ಆಚೆ ಬಂದ ಇನ್ನರ್ಧಾನೂ ಬಾಯಿಗೆ ಬರಬಾರ್ದು. ಅಷ್ಟೇ."