ಎರಡನೇ ಬೇಸಿನ ಔಟ್

ವರ್ಲಿನ್ ಗೋದಾಮಿನಲ್ಲಿ ಮೆಕ್ಕೆಜೋಳದ ಲಾರಿ ತೂಗುವವನು. ಸಂಜೆಯಾದರೆ ಬೇಸ್‌ಬಾಲ್ ಅಂಪೈರ್. ಚೆಂಡು ಹೊಡೆಯುವವನು ನಿಲ್ಲುವ ಹೋಮ್ ಪ್ಲೇಟಿನ ಹಿಂದೆ ನಾನು, ಓಡುವವರು ಒಂದೊಂದಾಗಿ ಮುಟ್ಟಬೇಕಾದ ಮೂರು ಬೇಸುಗಳ ಹತ್ತಿರ ಅವನು. ಇಪ್ಪತ್ತಾರು ವರ್ಷ ಜೊತೆಯಾಗಿ ಬೈಸಿಕೊಂಡಿದ್ದೇವೆ. ಅಯೋವಾ ರಾಜ್ಯದ ಈ ಮೂಲೆಯಲ್ಲಿ ಅಂಪೈರ್ ಆಗುವ ಹುಚ್ಚು ಬೇರೆ ಯಾರಿಗೂ ಹಿಡಿದಿಲ್ಲ. ಹಾಗಾಗಿ ನಮ್ಮೂರ ಶಾಲೆಯ ಆಟಕ್ಕೂ ನಾವೇ.

ನಾವು ಆಡುತ್ತಿದ್ದ ಕಾಲದಲ್ಲಿ ಒಂದು ರೂಢಿಯಿತ್ತು. ನೆಲದ ಮೇಲೆ ಉರುಳಿದ ಚೆಂಡು ಎರಡನೇ ಬೇಸಿನ ಫೀಲ್ಡರ್ ಕೈಸೇರಿದರೆ, ಅವನು ಓಡಿಬರುವವನನ್ನು ಔಟ್ ಮಾಡಿ, ತಕ್ಷಣ ಮೊದಲ ಬೇಸಿಗೆ ಎಸೆದು ಚೆಂಡು ಹೊಡೆದವನನ್ನೂ ಔಟ್ ಮಾಡುತ್ತಾನಲ್ಲ, ಆ ಎಸೆತ ಕೆಡಿಸಲು ಓಡುವವನು ಜಾರಿಹೋಗಿ ಅವನ ಕಾಲಿಗೇ ಗುದ್ದಬೇಕು. ಬೀಳಿಸಿದವನಿಗೆ ಕೋಚ್ ಮಿಲ್ಕ್‌ಶೇಕ್ ಕೊಡಿಸುತ್ತಿದ್ದರು. ಹದಿನೇಳನೇ ವಯಸ್ಸಿನಲ್ಲಿ ವರ್ಲಿನ್ ಹಾಗೆ ಬೀಳಿಸಿದ್ದು ಪಕ್ಕದೂರಿನ ಡ್ವೇನ್‌ನನ್ನು. ಮೊಣಕಾಲು ಮುರಿದ ಸದ್ದು ನನಗೂ ಕೇಳಿಸಿತ್ತು. ಅಂಪೈರ್ ತುಟಿ ಪಿಟಕ್ಕೆನ್ನಲಿಲ್ಲ. ವರ್ಲಿನ್ ಮಿಲ್ಕ್‌ಶೇಕ್ ಕುಡಿದ, ಸ್ಟ್ರಾಬೆರಿಯದು.

ಆಮೇಲೆ ಡ್ವೇನ್ ನಮ್ಮೂರ ಹುಡುಗಿಯನ್ನೇ ಮದುವೆಯಾಗಿ ಇಲ್ಲೇ ನೆಲೆಸಿದ. ಕುಂಟುತ್ತಾ ಪ್ರತಿ ಆಟಕ್ಕೂ ಬರುತ್ತಿದ್ದ. ಅವನು ಬಂದನೆಂದರೆ ವರ್ಲಿನ್ ಕ್ಯಾಪ್ ಕೆಳಗೆಳೆದುಕೊಳ್ಳುತ್ತಿದ್ದ. ಹೋಗಿ ಕ್ಷಮೆ ಕೇಳೋ ಮಹರಾಯ ಎಂದು ನಾನು ಎಷ್ಟು ಬಡಿದುಕೊಂಡರೂ ಅವನು ಹೋಗಲಿಲ್ಲ.

ಈಗಿನ ನಿಯಮ ಬೇರೆ. ನೇರ ಬೇಸಿಗೆ ಜಾರಬೇಕು, ಇಲ್ಲವೇ ಫೀಲ್ಡರ್‌ನಿಂದ ದೂರ ಸರಿಯಬೇಕು. ದಾರಿ ಬಿಟ್ಟು ಹೋಗಿ ಅವನಿಗೆ ತಗುಲಿದರೆ ಓಡಿದವನೂ ಔಟ್, ಚೆಂಡು ಹೊಡೆದವನೂ ಔಟ್.

ಕಳೆದ ಜುಲೈನಲ್ಲಿ ಜಿಲ್ಲಾ ಫೈನಲ್. ಕೊನೆಯ ಸರದಿ, ನಮ್ಮವರು ಒಂದು ರನ್ ಹಿಂದೆ, ಆಗಲೇ ಒಬ್ಬ ಔಟ್. ಮೂರನೇ ಬೇಸಿನಲ್ಲೊಬ್ಬ ಇದ್ದ. ಮೊದಲನೆಯದರಲ್ಲಿ ಡ್ವೇನ್‌ನ ಮೊಮ್ಮಗ ಟೇಟ್. ಹೊಡೆದ ಚೆಂಡು ನೆಲದ ಮೇಲೆ ಉರುಳಿತು. ಟೇಟ್ ಓಡಿ ಜಾರಿದ, ಬೇಸಿನಿಂದ ಒಂದಡಿ ಆಚೆ, ಫೀಲ್ಡರ್‌ನ ಪಾದಕ್ಕೆ. ಫೀಲ್ಡರ್ ಬಿದ್ದು ಪ್ಯಾಂಟ್ ಕೊಡವಿಕೊಂಡು ಎದ್ದ. ಎಸೆತ ಮಾತ್ರ ಬೇಲಿಗೆ ಹೋಯಿತು. ಮೂರನೇ ಬೇಸಿನವನು ನನ್ನ ಮುಂದೆಯೇ ಪ್ಲೇಟ್ ಮುಟ್ಟಿದ. ಸ್ಕೋರು ಸಮ! ಊರಿಗೆ ಊರೇ ಕುಣಿಯಿತು.

ವರ್ಲಿನ್ ಕೈಯನ್ನು ಅರ್ಧಕ್ಕೆ ಎತ್ತಿ ನನ್ನ ಕಡೆ ನೋಡಿದ. ನಾನೇನು ಮಾಡಲಿ? ಅದು ಅವನ ಬೇಸು. ನಾನು ಕಣ್ಣು ತಪ್ಪಿಸಿದೆ; ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಇಬ್ಬರೂ ಔಟ್!" ಎಂದ.

ಅಲ್ಲಿಗೆ ಮೂರು ಔಟ್, ಮೂರಾದರೆ ಸರದಿ ಮುಗಿದಂತೆ. ಆ ರನ್ ಲೆಕ್ಕಕ್ಕಿಲ್ಲ, ಆಟ ಮುಗಿಯಿತು.

"ಕಣ್ಣಿಗೇನು ಜೋಳದ ಹೊಟ್ಟು ತುಂಬ್ಕೊಂಡಿದ್ಯೇನೋ!" ಎಂದು ಬೇಲಿಯಾಚೆಯಿಂದ ಯಾರೋ ಕೂಗಿದರು. ಟೇಟ್ ಮಣ್ಣಿನಲ್ಲೇ ಕೂತು ಅಳುತ್ತಿದ್ದ.

ಹೊರಗೆ ತನ್ನ ಗಾಡಿಯ ಹತ್ತಿರ ಡ್ವೇನ್ ವರ್ಲಿನ್‌ಗಾಗಿ ಕಾದಿದ್ದ.

"ನಮ್ಮ ಹುಡುಗ ಎಷ್ಟು ಆಚೆ ಹೋಗಿದ್ದ?"

"ಒಂದಡಿ."

"ನೀನು ಮೂರಡಿ ಬಂದಿದ್ದೆ."

"ಗೊತ್ತು." ವರ್ಲಿನ್ ಕ್ಯಾಪ್ ತೆಗೆದ. "ಡ್ವೇನ್, ಅವತ್ತು ನಾನು..."

ಡ್ವೇನ್ ಕುಂಟುಗಾಲನ್ನು ಕೈಯಲ್ಲೇ ಎತ್ತಿ ಗಾಡಿಯೊಳಗಿಟ್ಟುಕೊಂಡ. "ಇವತ್ತು ನೀನು ಕೊಟ್ಟಿದ್ದು ಸರಿಯಾಗೇ ಇದೆ ಕಣೋ. ಅದೇ ನನ್ನ ಹೊಟ್ಟೆಉರಿ. ನನ್ನ ಕಾಲು ಹೋದಾಗ ಯಾರೂ ಔಟ್ ಆಗ್ಲಿಲ್ಲ. ಇವತ್ತು ಯಾರಿಗೂ ಏನೂ ಆಗಿಲ್ಲ, ನನ್ನ ಮೊಮ್ಮಗ ಔಟ್."

ಈ ವರ್ಷವೂ ವರ್ಲಿನ್ನೇ ಅಂಪೈರ್, ಬೇರೆ ಯಾರೂ ಸಿಗಲಿಲ್ಲ. ಡ್ವೇನ್ ಆಟಕ್ಕೆ ಬರುವುದನ್ನು ಬಿಟ್ಟ. ವರ್ಲಿನ್‌ನ ಕ್ಯಾಪ್ ಇನ್ನೂ ಕೆಳಗೇ ಇದೆ.